ಕ್ರಿಯೇಟಿನ್ ಪುಡಿಗೆ ನಾನು ಅಂಕ ಹಾಕುವ ಬಗೆ

ವ್ಯಾಯಾಮ ಮಾಡುವವರು ಸ್ನಾಯುಬಲಕ್ಕೆಂದು ತಿನ್ನುವ ಕ್ರಿಯೇಟಿನ್ ಪುಡಿಯ ಡಬ್ಬಿಯ ಮೇಲೆ "99.9% ಶುದ್ಧ" ಎಂದು ಕಂಡರೆ ನಾನು ಮೊದಲು ಕೇಳುವುದು ಒಂದೇ: ಈ ಅಂಕಿ ಅಳೆದು ಬಂದದ್ದೋ, ಕಳೆದು ಬಂದದ್ದೋ? ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎಷ್ಟೇ ಜಾಗ್ರತೆಯಿಂದ ಅಳೆದರೂ ಫಲಿತಾಂಶ ಶೇಕಡಾ 1ರಿಂದ 1.5ರಷ್ಟು ಅತ್ತಿತ್ತ ಆಗುತ್ತದೆ. ಒಂದೇ ಪುಡಿ ಇವತ್ತು 99.2 ತೋರಿಸಿ ನಾಳೆ 100.4 ತೋರಿಸಬಹುದು. ಹಾಗಾಗಿ 99.9 ಎಂಬುದು ಸಾಮಾನ್ಯವಾಗಿ 100ರಿಂದ ಕಲ್ಮಶ, ಬೂದಿ, ಹೆಚ್ಚುವರಿ ತೇವ ಇವನ್ನು ಕಳೆದು ಉಳಿದ ಅಂಕಿ. ಏನೇನನ್ನು ಹುಡುಕಿ ಕಳೆದರು ಎಂದು ಗೊತ್ತಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಹುಡುಕದೆ ಬಿಟ್ಟ ಕಲ್ಮಶವೂ ಶುದ್ಧತೆಯ ಲೆಕ್ಕಕ್ಕೇ ಸೇರಿಹೋಗಿರುತ್ತದೆ. ನನ್ನ ಪರೀಕ್ಷೆಯೆಲ್ಲ ಈ ಕಳೆಯುವ ಲೆಕ್ಕವನ್ನು ಬಿಡಿಸಿ ನೋಡುವುದಕ್ಕೇ.

ಸ್ಯಾಂಪಲ್ ವಿಷಯದಲ್ಲಿ ನಾನು ಬಿಗಿ. ಕಂಪನಿ ಕಳಿಸಿಕೊಟ್ಟ ಪುಡಿಗೆ ಅಂಕ ಹಾಕುವುದಿಲ್ಲ. ಅಂಗಡಿಯಿಂದ ಒಂದೇ ಬ್ಯಾಚಿನ ಎರಡು ಡಬ್ಬಿ, ಬೇರೆ ಬ್ಯಾಚಿನ ಒಂದು, ಹೀಗೆ ಒಟ್ಟು ಮೂರು ಕೊಳ್ಳುತ್ತೇನೆ. ಸೀಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ತಾರೀಖು ಇವುಗಳ ಫೋಟೋ ತೆಗೆದ ಮೇಲೆಯೇ ಮುಚ್ಚಳ ಬಿಚ್ಚುವುದು. ಪುಡಿಯನ್ನು ಮೇಲಿನಿಂದ ಒಂದು ಚಮಚ ತೆಗೆದರೆ ಸಾಲದು. ಸಾಗಣೆಯಲ್ಲಿ ಕುಲುಕಿ ಕುಲುಕಿ ಸಣ್ಣ ಕಣ ಕೆಳಗಿಳಿದು ದಪ್ಪ ಕಣ ಮೇಲೆ ಬಂದಿರುತ್ತದೆ; ಫ್ಲೇವರ್ ಇರುವ ಪುಡಿಯಲ್ಲಿ ಇದು ಇನ್ನೂ ಹೆಚ್ಚು. ಇಡೀ ಡಬ್ಬಿಯನ್ನು ಶುಭ್ರವಾದ ಹಾಳೆಯ ಮೇಲೆ ರಾಶಿ ಸುರಿದು, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಸೇರಿಸಿ, ಮತ್ತೆ ನಾಲ್ಕು ಪಾಲು ಮಾಡುತ್ತ ಸುಮಾರು 20 ಗ್ರಾಂಗೆ ಇಳಿಸುತ್ತೇನೆ. ಸುಗ್ಗಿಯ ಕಣದಲ್ಲಿ ರಾಗಿ ರಾಶಿಯಿಂದ ಮಾದರಿ ತೆಗೆಯುವಂತೆಯೇ.

ಪಾಲು ಮಾಡುವ ಮೊದಲು ಡಬ್ಬಿಯೊಳಗಿನ ಸ್ಕೂಪಿನಿಂದ ಹತ್ತು ಸಲ ಅಳೆದು, ಒಂದೊಂದನ್ನೂ 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುತ್ತೇನೆ. ಸ್ಕೂಪ್ ಅಳೆಯುವುದು ಗಾತ್ರವನ್ನು, ಲೇಬಲ್ ಹೇಳುವುದು ತೂಕವನ್ನು. ನಯವಾದ ಪುಡಿ ಗಾಳಿ ತುಂಬಿಕೊಂಡು ಹಗುರವಾಗಿ ಕೂರುತ್ತದೆ, ಹರಳು ಪುಡಿ ಒತ್ತಾಗಿ ಕೂರುತ್ತದೆ. ಕಾರ್ಖಾನೆಯವರು ಕಣದ ಅಳತೆ ಬದಲಿಸಿ ಸ್ಕೂಪ್ ಹಳೆಯದನ್ನೇ ಹಾಕಿದರೆ, ಪುಡಿ ಶುದ್ಧವಿದ್ದರೂ ತಿನ್ನುವವರಿಗೆ ಲೇಬಲ್ಲಿನ ಪ್ರಮಾಣ ಸಿಗುವುದಿಲ್ಲ.

ನೀರಿನಲ್ಲಿ ಕರಗಿಸಿ ಅಸಲಿ ನಕಲಿ ಹೇಳುವ ಪದ್ಧತಿಯೊಂದಿದೆ: ತಳದಲ್ಲಿ ಪುಡಿ ಉಳಿದರೆ ನಕಲಿ ಎನ್ನುತ್ತಾರೆ. ಇದು ತಪ್ಪು, ಮತ್ತು ಈ ತಪ್ಪಿನಿಂದ ಒಳ್ಳೆಯ ಪುಡಿ ಎಸೆದವರು ಬಹಳ ಜನ. ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಿಗುವ ರೂಪವಾದ ಕ್ರಿಯೇಟಿನ್ ಮೊನೊಹೈಡ್ರೇಟ್ 20 ಡಿಗ್ರಿಯಲ್ಲಿ ಲೀಟರ್ ನೀರಿಗೆ ಸುಮಾರು 14 ಗ್ರಾಂ ಕರಗುತ್ತದೆ, ಫ್ರಿಜ್ಜಿನ 4 ಡಿಗ್ರಿಯಲ್ಲಿ 6 ಗ್ರಾಂ, 60 ಡಿಗ್ರಿಯಲ್ಲಿ 45 ಗ್ರಾಂ. 200 ಮಿ.ಲೀ. ಲೋಟಕ್ಕೆ 5 ಗ್ರಾಂ ಹಾಕಿದರೆ 20 ಡಿಗ್ರಿಯಲ್ಲಿ ಕರಗುವುದು 2.8 ಗ್ರಾಂ, ಉಳಿದದ್ದು ತಳ ಸೇರಲೇಬೇಕು. ಫ್ಲೇವರ್ ಇಲ್ಲದ ಮೊನೊಹೈಡ್ರೇಟ್ 5 ಗ್ರಾಂ ತಣ್ಣೀರಿನ ಲೋಟದಲ್ಲಿ ಸಕ್ಕರೆಯಂತೆ ಪೂರ್ತಿ ಕರಗಿ ನೀರು ತಿಳಿಯಾದರೆ ಆಗಲೇ ನನಗೆ ಅನುಮಾನ.

ಲ್ಯಾಬಿನಲ್ಲಿ ಮೊದಲು ಮಾಡುವುದು ಒಣಗಿಸಿ ತೂಗುವುದು. ಮೊನೊಹೈಡ್ರೇಟ್‌ನ ಹರಳಿನೊಳಗೇ ನೀರಿನ ಅಣು ಕೂತಿದೆ. 149.15 ಅಣುತೂಕದಲ್ಲಿ 18.02 ನೀರಿನದು, ಎಂದರೆ 12.08%. 2 ಗ್ರಾಂ ಪುಡಿಯನ್ನು 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವ ತನಕ ಇಟ್ಟರೆ 12ರ ಆಸುಪಾಸು ಇಳಿಯಬೇಕು. 13 ದಾಟಿದರೆ ಹೊರಗಿನ ತೇವ ಕುಡಿದಿದೆ. 10, 11ಕ್ಕೆ ನಿಂತರೆ ಒಂದೋ ತಯಾರಿಸುವಾಗಲೇ ಅತಿಯಾಗಿ ಒಣಗಿಸಿ ಸ್ವಲ್ಪ ನೀರು ಕಳೆದಿದ್ದಾರೆ, ಇಲ್ಲವೇ ಬೇರೇನೋ ಬೆರೆಸಿದ್ದಾರೆ. ಉದಾಹರಣೆಗೆ, 5% ತೇವದ ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಐದನೇ ಒಂದು ಭಾಗ ಬೆರೆತಿದ್ದರೆ ಇಳಿಯುವುದು 10.7%. ಸಾವಿರಾರು ರೂಪಾಯಿಯ ಪರೀಕ್ಷೆಗೆ ಮೊದಲು ಈ ಓವನ್ ಕೊಡುವ ಸುಳಿವು ದೊಡ್ಡದು.

ಸಕ್ಕರೆ ಜಾತಿಯ ಕಲಬೆರಕೆಗೆ ನನಗೆ ಅಚ್ಚುಮೆಚ್ಚಿನ ಉಪಕರಣ ಪೋಲಾರಿಮೀಟರ್; ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ದ್ರಾವಣ ಎಷ್ಟು ತಿರುಗಿಸುತ್ತದೆ ಎಂದು ಅದು ಅಳೆಯುತ್ತದೆ. ಕ್ರಿಯೇಟಿನ್ ಆ ಸಮತಲವನ್ನು ತಿರುಗಿಸುವುದಿಲ್ಲ; ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಸಕ್ಕರೆ) ತಿರುಗಿಸುತ್ತದೆ, ಮಾಲ್ಟೊಡೆಕ್ಸ್‌ಟ್ರಿನ್ ಇನ್ನೂ ಜೋರಾಗಿ. ಲೀಟರಿಗೆ 10 ಗ್ರಾಂ ದ್ರಾವಣದಲ್ಲಿ ಹತ್ತನೇ ಒಂದು ಭಾಗ ಡೆಕ್ಸ್‌ಟ್ರೋಸ್ ಇದ್ದರೆ 2 ಡೆಸಿಮೀಟರ್ ಕೊಳವೆಯಲ್ಲಿ ಸುಮಾರು 0.1 ಡಿಗ್ರಿ ಬರುತ್ತದೆ, 0.01 ಡಿಗ್ರಿ ಓದುವ ಯಂತ್ರಕ್ಕೆ ಅದು ಧಾರಾಳ. ಡೆಕ್ಸ್‌ಟ್ರೋಸ್ ಆಗಷ್ಟೇ ಕರಗಿದ್ದರೆ ಓದು ನಿಲ್ಲದೆ ಜಾರುತ್ತಿರುತ್ತದೆ. ಒಂದು ಹನಿ ಅಮೋನಿಯಾ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ನಿಲ್ಲುತ್ತದೆ. ಫ್ಲೇವರ್ ಇರುವ ಪುಡಿಗೆ ಇದು ಹೊಂದುವುದಿಲ್ಲ, ಅದರಲ್ಲಿ ಹೇಗೂ ತಿರುಗಿಸುವ ವಸ್ತುಗಳಿರುತ್ತವೆ. ಉಪ್ಪಿನಂಥದ್ದು ಬೆರೆತಿದ್ದರೆ ಸುಟ್ಟ ಮೇಲೆ ಬೂದಿಯಲ್ಲಿ ಸಿಗುತ್ತದೆ. ಶುದ್ಧ ಕ್ರಿಯೇಟಿನ್ 0.1%ಕ್ಕಿಂತ ಹೆಚ್ಚು ಬೂದಿ ಬಿಡಬಾರದು.

ನೈಟ್ರೋಜನ್ ಅಳೆದು ಪ್ರಮಾಣ ಹೇಳುವ ವರದಿಯನ್ನು ನಾನು ಒಪ್ಪುವುದಿಲ್ಲ. ನೈಟ್ರೋಜನ್ ಯಾವುದರಿಂದ ಬಂದಿತೆಂದು ಆ ವಿಧಾನಕ್ಕೆ ತಿಳಿಯದು. ಇದೇ ಕುರುಡುತನ ಪ್ರೋಟೀನ್ ಪುಡಿಯಲ್ಲೂ ತೊಂದರೆ ಕೊಡುತ್ತದೆ: ನೈಟ್ರೋಜನ್ನನ್ನು 6.25ರಿಂದ ಗುಣಿಸುವ ಲೆಕ್ಕದಲ್ಲಿ 1 ಗ್ರಾಂ ಮೊನೊಹೈಡ್ರೇಟ್ 1.76 ಗ್ರಾಂ ಪ್ರೋಟೀನ್ ಎಂದು ಕಾಣುತ್ತದೆ. ಪ್ರೋಟೀನ್ ಡಬ್ಬಿಗೆ ಕ್ರಿಯೇಟಿನ್ ಬೆರೆಸಿ ಅಂಕಿ ಏರಿಸುವ ದಾರಿ ಅದೇ.

ಎಚ್‌ಪಿಎಲ್‌ಸಿಯಲ್ಲಿ ನಾನು ಬಳಸುವುದು 250 ಮಿ.ಮೀ. ಉದ್ದದ ಕ್ಯಾಟಯಾನ್ ಎಕ್ಸ್‌ಚೇಂಜ್ ಕಾಲಂ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ), ಅಮೋನಿಯಂ ಫಾಸ್ಫೇಟ್ ಬಫರ್. ಎಲ್ಲ ಲ್ಯಾಬಿನಲ್ಲೂ ಇರುವ ಸಾದಾ ಸಿ18 ಕಾಲಂನಲ್ಲಿ ಕ್ರಿಯೇಟಿನ್ ಹಿಡಿದು ನಿಲ್ಲುವುದೇ ಇಲ್ಲ, ನೀರಿನ ಜೊತೆ ಮೊದಲೇ ಹೊರಬರುತ್ತದೆ. ಅದರೊಂದಿಗೆ ಆಮ್ಲ, ಫ್ಲೇವರ್ ಎಲ್ಲ ಗ್ರಾಫಿನ ಒಂದೇ ಉಬ್ಬಿನಲ್ಲಿ, ಎಂದರೆ ಒಂದೇ ಪೀಕ್‌ನಲ್ಲಿ ಸೇರಿ ಫಲಿತಾಂಶ ಉಬ್ಬುತ್ತದೆ. ಅಳೆಯುವ ಬೆಳಕಿನ ತರಂಗಾಂತರ ಕ್ರಿಯೇಟಿನ್‌ಗೆ 210 ನ್ಯಾನೋಮೀಟರ್, ಕ್ರಿಯೇಟಿನ್ ಕೆಟ್ಟಾಗ ಆಗುವ ಕ್ರಿಯೇಟಿನಿನ್‌ಗೆ 235. ಅಸಿಟೇಟ್ ಬಫರ್ ಹಾಕಿದರೆ 210ರಲ್ಲಿ ಬೇಸ್‌ಲೈನ್ ಏರಿ ಸಣ್ಣ ಪೀಕ್ ಮುಚ್ಚಿಹೋಗುತ್ತದೆ.

ಪ್ರಮಾಣಕ್ಕೆ 100 ಮಿ.ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಅದನ್ನು ಹತ್ತುಪಟ್ಟು ತೆಳು ಮಾಡಿ ಹಾಕುತ್ತೇನೆ. ಕಲ್ಮಶಕ್ಕೆ ಬೇರೆ ದ್ರಾವಣ ಬೇಕು: ಮಿ.ಲೀ.ಗೆ 10 ಮಿ.ಗ್ರಾಂ. ಆಗ ಕಿಲೋಗೆ 50 ಮಿ.ಗ್ರಾಂ ಇರುವ ಕಲ್ಮಶವೂ ಮಿ.ಲೀ.ಗೆ ಅರ್ಧ ಮೈಕ್ರೋಗ್ರಾಂ ಆಗಿ ಕಾಣಿಸುತ್ತದೆ. ಈ ಗಟ್ಟಿ ದ್ರಾವಣವನ್ನು ಅಭ್ಯಾಸಬಲದಿಂದ 4 ಡಿಗ್ರಿಯ ಆಟೋಸ್ಯಾಂಪ್ಲರ್‌ನಲ್ಲಿ (ಸ್ಯಾಂಪಲನ್ನು ತಾನೇ ಎತ್ತಿ ಯಂತ್ರಕ್ಕೆ ಹಾಕುವ ಭಾಗ) ಇಟ್ಟರೆ ರಾತ್ರಿಯೊಳಗೆ ವಯಲ್‌ನ ತಳದಲ್ಲಿ ಹರಳು ಕಟ್ಟಿ ಸೂಜಿ ಕಟ್ಟಿಕೊಳ್ಳುತ್ತದೆ. ಆ ಚಳಿಯಲ್ಲಿ ಕರಗುವುದೇ ಲೀಟರಿಗೆ 6 ಗ್ರಾಂ. ಟ್ರೇ 20 ಡಿಗ್ರಿಗೆ ಇಡಬೇಕು, ಬರೀ ನೀರಿನಲ್ಲೇ ಕರಗಿಸಬೇಕು, ಅದೇ ದಿನ ಮುಗಿಸಬೇಕು. ಆಮ್ಲೀಯ ಬಫರ್‌ನಲ್ಲಿ ಕರಗಿಸಿಟ್ಟರೆ ಕ್ರಿಯೇಟಿನ್ ಕ್ರಿಯೇಟಿನಿನ್ ಆಗತೊಡಗುತ್ತದೆ. 25 ಡಿಗ್ರಿಯಲ್ಲಿ ಮೂರು ದಿನಕ್ಕೆ ಪಿಎಚ್ 5.5ರಲ್ಲಿ 4%, 4.5ರಲ್ಲಿ 12%, 3.5ರಲ್ಲಿ 21% ಹಾಳಾಗುತ್ತದೆ. ಲ್ಯಾಬ್ ತಾನೇ ಹಾಳು ಮಾಡಿದ್ದನ್ನು ತಯಾರಕರ ತಲೆಗೆ ಕಟ್ಟಿದಂತಾಗುತ್ತದೆ.

ಫಲಿತಾಂಶ ಶೇಕಡಾ 88 ಅಥವಾ 114ರ ಹತ್ತಿರ ಬಂದರೆ ಪುಡಿಯನ್ನು ಬಯ್ಯುವ ಮೊದಲು ಹೋಲಿಕೆಗೆ ಬಳಸಿದ ಶುದ್ಧ ಕ್ರಿಯೇಟಿನ್‌ನ, ಎಂದರೆ ಸ್ಟ್ಯಾಂಡರ್ಡ್‌ನ ಬಾಟಲಿ ನೋಡಿ. ಅದು ನೀರಿಲ್ಲದ ಕ್ರಿಯೇಟಿನ್ನೋ, ಮೊನೊಹೈಡ್ರೇಟೋ? ಒಂದನ್ನು ಇನ್ನೊಂದೆಂದು ಲೆಕ್ಕ ಹಾಕಿದರೆ ಬರುವ ವ್ಯತ್ಯಾಸ ಸರಿಯಾಗಿ ಅಷ್ಟೇ. ಲೇಬಲ್ ಓದುವಾಗಲೂ ಇದೇ ಎಚ್ಚರ ಬೇಕು: 3 ಗ್ರಾಂ ಮೊನೊಹೈಡ್ರೇಟ್‌ನಲ್ಲಿ ಕ್ರಿಯೇಟಿನ್ ಇರುವುದು 2.64 ಗ್ರಾಂ. ಹೈಡ್ರೋಕ್ಲೋರೈಡ್ ರೂಪದಲ್ಲಾದರೆ ಸುಮಾರು 78% ಮಾತ್ರ.

ಈಗ ಕಳೆಯಬೇಕಾದ ಕಲ್ಮಶಗಳು. ಕ್ರಿಯೇಟಿನ್ ತಯಾರಾಗುವುದು ಸೋಡಿಯಂ ಸಾರ್ಕೋಸಿನೇಟ್ ಮತ್ತು ಸಯಾನಮೈಡ್ ಸೇರಿಸಿ. ಕಾವು, ಪಿಎಚ್ ಹಿಡಿತ ತಪ್ಪಿದರೆ ಸಯಾನಮೈಡ್‌ನ ಎರಡು ಅಣು ತಮ್ಮತಮ್ಮಲ್ಲೇ ಕೂಡಿ ಡೈಸಯಾನ್‌ಡೈಅಮೈಡ್ ಆಗುತ್ತದೆ. ಡೈಹೈಡ್ರೋಟ್ರಯಜೀನ್ ಕೂಡ ಇಂಥ ಅಡ್ಡಕ್ರಿಯೆಯ ಫಲ. ಅದನ್ನು ಬೇರ್ಪಡಿಸಿದ ಮೇಲೆ ಅಣುವಿನ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್‌ನಲ್ಲೇ ಹುಡುಕಬೇಕು. ನನ್ನ ಗೆರೆ ಹೀಗಿದೆ: ಕ್ರಿಯೇಟಿನಿನ್ 100 ಪಿಪಿಎಂ (ಕಿಲೋಗೆ 100 ಮಿ.ಗ್ರಾಂ), ಡೈಸಯಾನ್‌ಡೈಅಮೈಡ್ 50 ಪಿಪಿಎಂ ಒಳಗಿದ್ದರೆ ಪೂರ್ತಿ ಅಂಕ, ಡೈಹೈಡ್ರೋಟ್ರಯಜೀನ್ 5 ಪಿಪಿಎಂ ಮಟ್ಟದಲ್ಲಿ ಕಾಣಲೇಬಾರದು.

ಪುಡಿಯಲ್ಲಿ ಕ್ರಿಯೇಟಿನಿನ್ ಹೆಚ್ಚು ಬಂದಾಗ "ಗೋದಾಮಿನ ಬಿಸಿಗೆ ಕೆಟ್ಟಿದೆ" ಎಂಬ ಸಮಜಾಯಿಷಿ ಬರುತ್ತದೆ. ಒಣ ಮೊನೊಹೈಡ್ರೇಟ್ ಹಾಗೆ ಕೆಡುವ ವಸ್ತುವಲ್ಲ. 40 ಡಿಗ್ರಿಯಲ್ಲಿ ಮೂರು ವರ್ಷ ಇಟ್ಟರೂ ಬದಲಾಗದು. 60 ಡಿಗ್ರಿಯಲ್ಲಿ 44 ತಿಂಗಳಿಟ್ಟ ಮೇಲೆ ಕಂಡದ್ದು 106 ಪಿಪಿಎಂ ಕ್ರಿಯೇಟಿನಿನ್ ಅಷ್ಟೇ. ಹಾಗಾಗಿ ಒಣ ಪುಡಿಯಲ್ಲಿ ಸಾವಿರಾರು ಪಿಪಿಎಂ ಇದ್ದರೆ ಅದು ಕಾರ್ಖಾನೆಯಲ್ಲೇ ಸರಿಯಾಗಿ ತೊಳೆಯದೆ, ಮರುಹರಳು ಮಾಡದೆ ಬಿಟ್ಟದ್ದು. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿ ಗಂಟು ಕಟ್ಟಿದ ಪುಡಿ ಕೂಡ ಬರೀ ಗಂಟಿನಿಂದ ಕೆಟ್ಟಿತೆನ್ನಲಾಗದು, ತೂಕದಲ್ಲಿ ನೀರು ಸೇರಿರುತ್ತದೆ. ಸಿಟ್ರಿಕ್ ಆಮ್ಲವಿರುವ ಫ್ಲೇವರ್ ಪುಡಿ ಒದ್ದೆಯಾದರೆ ಮಾತ್ರ ಕಥೆ ಬೇರೆ.

ಕ್ರಿಯೇಟಿನ್ ಬೆರೆಸಿದ ಗಮ್ಮಿಗಳನ್ನು (ಅಗಿಯುವ ಜೆಲ್ಲಿ ಮಿಠಾಯಿ) ಪರೀಕ್ಷಿಸುವುದೇ ಒಂದು ಕೆಲಸ. ನೀರು, ಹುಳಿ, ಕಾಯಿಸುವ ಬಿಸಿ, ಕ್ರಿಯೇಟಿನ್‌ಗೆ ಒಗ್ಗದ ಮೂರೂ ಅದರಲ್ಲಿವೆ. ಹತ್ತು ಗಮ್ಮಿ ತೂಗಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಸಣ್ಣಗೆ ಹೆಚ್ಚಿ, 40 ಡಿಗ್ರಿ ನೀರಿನಲ್ಲಿ ಅಲುಗಾಡಿಸಿ ಕರಗಿಸುತ್ತೇನೆ. ಕುದಿಸಬಾರದು, ಆಮ್ಲ ಹಾಕಬಾರದು. ಪೆಕ್ಟಿನ್ ಲೋಳೆ ಫಿಲ್ಟರ್ ಕಟ್ಟಿಸುತ್ತದೆ. ತೆಳು ಮಾಡಿದ ದ್ರಾವಣಕ್ಕೆ ಅಸಿಟೋನೈಟ್ರೈಲ್ ಸೇರಿಸಿದರೆ ಲೋಳೆ ಗರಣೆಯಾಗಿ ಬೀಳುತ್ತದೆ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಮೇಲಿನ ತಿಳಿ ತೆಗೆಯಬಹುದು. ಇಲ್ಲಿ ಕ್ರಿಯೇಟಿನ್ ಒಂದನ್ನೇ ಅಳೆದು ಬಿಟ್ಟರೆ ಅರ್ಧ ಉತ್ತರ. ಸಿಕ್ಕ ಕ್ರಿಯೇಟಿನಿನ್ ತೂಕವನ್ನು 1.16ರಿಂದ ಗುಣಿಸಿ ಕ್ರಿಯೇಟಿನ್‌ಗೆ ಕೂಡಿಸಿದರೆ ಮೊದಲು ಹಾಕಿದ್ದು ಎಷ್ಟೆಂದು ತಿಳಿಯುತ್ತದೆ. 5 ಗ್ರಾಂ ಎಂದ ಕಡೆ ಕ್ರಿಯೇಟಿನ್ 3.1 ಸಿಕ್ಕಿ, ಕೂಡಿಸಿದ ಮೇಲೆ 4.9 ಆದರೆ ಹಾಕಿದ್ದಾರೆ, ಕೆಟ್ಟಿದೆ. ಕೂಡಿಸಿದರೂ 0.4 ಆದರೆ ಹಾಕಿಯೇ ಇಲ್ಲ. ಎರಡೂ ಫೇಲ್, ಆದರೆ ಒಂದು ತಯಾರಿಕೆಯ ದೋಷ, ಇನ್ನೊಂದು ಮೋಸ; ವರದಿಯಲ್ಲಿ ಇದನ್ನು ಬಿಡಿಸಿ ಬರೆಯುತ್ತೇನೆ.

ಲೋಹಗಳಿಗೆ ಅರ್ಧ ಗ್ರಾಂ ಪುಡಿಯನ್ನು ನೈಟ್ರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮೈಕ್ರೋವೇವ್ ಮಾಡಿ ಐಸಿಪಿ-ಎಂಎಸ್‌ಗೆ (ಅತಿ ಕಡಿಮೆ ಲೋಹವನ್ನೂ ಅಳೆಯುವ ಯಂತ್ರ) ಕೊಡುವುದು. ಪಾದರಸ ಕೊಳವೆಗೆ ಅಂಟಿ ಕಳೆದುಹೋಗದಂತೆ ಚಿನ್ನದ ದ್ರಾವಣ ಒಂದಿಷ್ಟು ಬೇಕು. ಕ್ಲೋರೈಡ್ ಇದ್ದರೆ ಆರ್ಗಾನ್ ಜೊತೆ ಕೂಡಿ ಆರ್ಸೆನಿಕ್‌ನ ವೇಷ ಹಾಕುತ್ತದೆ, ಆ ವೇಷವನ್ನು ಸೋಸಿಬಿಡುವ ಹೀಲಿಯಂ ಸೆಲ್ ಇಲ್ಲದೆ ಓದಬಾರದು. ಸೀಸ ಕಿಲೋಗೆ 0.1 ಮಿ.ಗ್ರಾಂ ಇದ್ದರೆ 5 ಗ್ರಾಂನಲ್ಲಿ 0.5 ಮೈಕ್ರೋಗ್ರಾಂ ಆಯಿತು. ವಿಷವಸ್ತುಗಳ ಬಗ್ಗೆ ಎಚ್ಚರಿಸಬೇಕೆನ್ನುವ ಕ್ಯಾಲಿಫೋರ್ನಿಯಾದ ಕಾನೂನು ಪ್ರೊಪೊಸಿಷನ್ 65 ದಿನಕ್ಕೆ ಹಾಕಿರುವ ಗೆರೆಯೂ ಅದೇ. ನಾನು ಅಷ್ಟನ್ನೇ ಹಿಡಿಯುತ್ತೇನೆ.

ಕಾಗದಪತ್ರ ಓದುವಾಗ: ವರದಿಯ ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿನದ್ದೇ ಇರಬೇಕು. "ಸಿಗಲಿಲ್ಲ" ಎಂದು ಬರೆದ ಕಡೆ ಎಷ್ಟರವರೆಗೆ ಹುಡುಕಿದರು ಎಂಬ ಅಂಕಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಚಿಹ್ನೆ ಇದ್ದರೆ ಆ ವರದಿಗೇ ಮೀಸಲಾದ ಯುಎಲ್‌ಆರ್ ಸಂಖ್ಯೆ ಇರುತ್ತದೆ. ಆ ಲ್ಯಾಬಿನ ಮಾನ್ಯತೆಯ ವ್ಯಾಪ್ತಿಯಲ್ಲಿ ಈ ಪರೀಕ್ಷೆ ಇದೆಯೇ ಎಂದು ಎನ್‌ಎಬಿಎಲ್ ಜಾಲತಾಣದಲ್ಲಿ ನೋಡಬಹುದು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ವ್ಯಾಪಾರದ ಪರವಾನಗಿ, ಗುಣಮಟ್ಟದ ಅಂಕವಲ್ಲ. ಜರ್ಮನಿಯ ಟ್ರೋಸ್ಟ್‌ಬರ್ಗ್‌ನ ಆಲ್ಜ್‌ಕೆಮ್ ಕಂಪನಿ ತಯಾರಿಸುವ ಕ್ರಿಯಾಪ್ಯೂರ್ ಎಂಬ ಕ್ರಿಯೇಟಿನ್‌ನ ಗುರುತು ಕಚ್ಚಾವಸ್ತು ಎಲ್ಲಿಯದೆಂದು ಹೇಳುತ್ತದೆ. ಡಬ್ಬಿ ತುಂಬುವಾಗ ಏನಾಯಿತೆಂದು ಡಬ್ಬಿಯನ್ನೇ ಪರೀಕ್ಷಿಸಿ ತಿಳಿಯಬೇಕು. ಇನ್ಫಾರ್ಮ್ಡ್ ಸ್ಪೋರ್ಟ್ ಎಂಬ ಪ್ರಮಾಣೀಕರಣ ಯೋಜನೆ ಪ್ರತಿ ಬ್ಯಾಚನ್ನೂ ನಿಷೇಧಿತ ಔಷಧಗಳಿಗೆ ಪರೀಕ್ಷಿಸುತ್ತದೆ. ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಪರೀಕ್ಷೆಗೆ ಒಳಗಾಗುವ ಕ್ರೀಡಾಪಟುವಿಗೆ ಅದು ಬೇಕೇಬೇಕು, ಕ್ರಿಯೇಟಿನಿನ್ ಎಷ್ಟಿದೆ ಎಂಬುದಕ್ಕೆ ಅದು ಉತ್ತರವಲ್ಲ.

ಅಂಕ ಹಂಚುವುದು ಹೀಗೆ: ಲೇಬಲ್ ಪ್ರಮಾಣಕ್ಕೆ 40, ಕಲ್ಮಶಕ್ಕೆ 30, ಲೋಹಕ್ಕೆ 15, ಸ್ಕೂಪ್ ಮತ್ತು ಡಬ್ಬಿ ಡಬ್ಬಿಯ ಹೊಂದಾಣಿಕೆಗೆ 10, ಕಾಗದಕ್ಕೆ 5. ಆದರೆ ಕೂಡಿಸುವ ಮೊದಲು ಬಾಗಿಲಲ್ಲೇ ತಡೆಯುವ ಷರತ್ತುಗಳಿವೆ. ಪ್ರಮಾಣ 95%ಕ್ಕಿಂತ ಕಡಿಮೆ, ಸೀಸ ಗೆರೆ ದಾಟಿದೆ, ಹೇಳದ ವಸ್ತು ಬೆರೆತಿದೆ, ಇವುಗಳಲ್ಲಿ ಒಂದಾದರೂ ಇದ್ದರೆ ಅಂಕವೇ ಇಲ್ಲ. ಸರಾಸರಿಯಲ್ಲಿ ಸೀಸವನ್ನು ಕರಗಿಸಿ 82 ಅಂಕ ಕೊಡುವ ಪಟ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈಕ್ರೋನೈಸ್ಡ್ (ಅತಿ ನುಣ್ಣಗೆ ಪುಡಿ ಮಾಡಿದ್ದು) ಎಂಬುದಕ್ಕೆ ಅಂಕವಿಲ್ಲ. 200 ಮೆಶ್ ಜರಡಿಯಲ್ಲಿ ಇಳಿಯುವ ಪುಡಿ ಬಾಯಿಗೆ ನಯ, ಅಷ್ಟೇ. ಬೆಲೆಯನ್ನು ಅಂಕದೊಳಗೆ ಸೇರಿಸುವುದಿಲ್ಲ, ಒಂದು ಗ್ರಾಂ ನಿಜವಾದ ಕ್ರಿಯೇಟಿನ್‌ಗೆ ಎಷ್ಟು ರೂಪಾಯಿ ಎಂದು ಪಕ್ಕದಲ್ಲಿ ಬರೆಯುತ್ತೇನೆ.

ಒಂದೇ ಬ್ಯಾಚಿನ ಎರಡು ಡಬ್ಬಿಗಳ ನಡುವೆ 3%ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಹೊಸದಾಗಿ ತೂಗಿ, ಬೇರೆಯವರ ಕೈಯಲ್ಲಿ ಮತ್ತೊಮ್ಮೆ ಮಾಡಿಸುತ್ತೇನೆ. ಅಂಕದ ಪಕ್ಕದಲ್ಲಿ ಬ್ಯಾಚ್ ಸಂಖ್ಯೆ ಮತ್ತು ಪರೀಕ್ಷೆಯ ತಾರೀಖು ಇದ್ದೇ ಇರುತ್ತವೆ. ಉಳಿದ ಪುಡಿಯನ್ನು ಸೀಲ್ ಮಾಡಿ ಆ ಬ್ಯಾಚಿನ ಅವಧಿ ಮುಗಿಯುವವರೆಗೆ ತೆಗೆದಿಡುತ್ತೇನೆ, ತಯಾರಕರು ಒಪ್ಪದಿದ್ದರೆ ಅದರ ಅರ್ಧ ಪಾಲನ್ನು ಅವರು ಹೇಳಿದ ಲ್ಯಾಬಿಗೇ ಕಳಿಸಲು.