ಗ್ಯಾಡೋಲಿನಿಯಂ ಕೊಟ್ಟ ಮೇಲೆ ಗಡಿಯಾರ ನೋಡಿ

ಮೆದುಳಿನ ಗಡ್ಡೆಗೆ ಎಂಆರ್‌ಐ ಮಾಡುವ ಹೊಸ ಹುಡುಗರು ಮಾಡುವ ತಪ್ಪು ಹೆಚ್ಚಾಗಿ ಒಂದೇ. ಕಾಂಟ್ರಾಸ್ಟ್, ಅಂದರೆ ಗಡ್ಡೆ ಎದ್ದು ಕಾಣಲೆಂದು ನರಕ್ಕೆ ಕೊಡುವ ಗ್ಯಾಡೋಲಿನಿಯಂ ಔಷಧಿ, ಒಳಗೆ ಹೋದ ತಕ್ಷಣ ಟಿ1 (ಆ ಔಷಧಿ ಬೆಳ್ಳಗೆ ಕಾಣುವ ಬಗೆಯ ಚಿತ್ರ) ಶುರು ಮಾಡಿಬಿಡುತ್ತಾರೆ. ಹೊರಗೆ ಆರು ಜನ ಕಾಯುತ್ತಿರುತ್ತಾರೆ, ಅವಸರ ಅರ್ಥವಾಗುತ್ತದೆ, ಆದರೆ ಚಿತ್ರ ಕೆಡುವುದೇ ಅಲ್ಲಿ.

ಮೊದಲು ಕಿಡ್ನಿ ರಿಪೋರ್ಟ್, ಅಲರ್ಜಿ, ತೂಕ ಕೇಳಿಕೊಳ್ಳಿ. ಕ್ಯಾನುಲಾ (ನರದಲ್ಲಿ ಕೂರಿಸುವ ಕೊಳವೆ) ಹೊರಗೇ ಹಾಕಿ, ಒಳಗೆ ಹೋದ ಮೇಲೆ ಸೂಜಿ ಹುಡುಕಿದರೆ ರೋಗಿಯ ತಲೆ ಅಲುಗುತ್ತದೆ.

ಆಮೇಲೆ ಫ್ಲೇರ್ (ಊತ ತೋರಿಸುವ ಚಿತ್ರ), ಡಿಫ್ಯೂಷನ್ (ನೀರಿನ ಚಲನೆ ತೋರಿಸುವ ಚಿತ್ರ), ಕಾಂಟ್ರಾಸ್ಟ್ ಇಲ್ಲದ ಟಿ1. ಈ ಕೊನೆಯದನ್ನು ಬಿಟ್ಟು ಟೈಮ್ ಉಳಿಸುವವರಿದ್ದಾರೆ. ಬಿಡಬೇಡಿ. ಆಪರೇಷನ್ ಆದ ಜಾಗದ ಹಳೆ ರಕ್ತವೂ ಟಿ1ನಲ್ಲಿ ಬೆಳ್ಳಗೇ ಕಾಣುತ್ತದೆ, ಗಡ್ಡೆ ಯಾವುದು ರಕ್ತ ಯಾವುದು ಅಂತ ಆಮೇಲೆ ಹೇಗೆ ಹೇಳ್ತೀರಿ?

ಡೋಸ್ ಕೆಜಿಗೆ 0.1 ಮಿಲಿಮೋಲ್. 60 ಕೆಜಿ ಇದ್ದವರಿಗೆ, ಗ್ಯಾಡೋಲಿನಿಯಂ ಔಷಧಿಗಳಲ್ಲಿ ಗ್ಯಾಡೋಟೆರೇಟ್ ಆದರೆ 12 ಎಂಎಲ್, ಗ್ಯಾಡೋಬ್ಯುಟ್ರಾಲ್ ಆದರೆ 6, ಯಾಕೆಂದರೆ ಅದು ಎರಡು ಪಟ್ಟು ಗಟ್ಟಿ. ಲೇಬಲ್ ಓದಿ. ಕೊಂಡರೆ ಮ್ಯಾಕ್ರೋಸೈಕ್ಲಿಕ್ (ಗ್ಯಾಡೋಲಿನಿಯಂ ಅನ್ನು ಉಂಗುರದ ಹಾಗೆ ಸುತ್ತಿ ಬಿಗಿಯಾಗಿ ಹಿಡಿಯುವ) ಔಷಧಿಯನ್ನೇ ಕೊಳ್ಳಿ. ಹಳೆಯ ಲೀನಿಯರ್ (ಅಷ್ಟು ಬಿಗಿಯಾಗಿ ಹಿಡಿಯದ) ಔಷಧಿಗಳಲ್ಲಿ ಹಲವನ್ನು ಯುರೋಪ್ 2017ರಲ್ಲೇ ತಡೆಹಿಡಿದಿದೆ. ಕಾಂಟ್ರಾಸ್ಟ್ ಹಿಂದೆಯೇ ಸಲೈನ್ ತಳ್ಳಿ, ಇಲ್ಲದಿದ್ದರೆ ಒಂದಷ್ಟು ಔಷಧಿ ಟ್ಯೂಬಿನಲ್ಲೇ ಉಳಿಯುತ್ತದೆ.

ಈಗ ಸ್ಟಾಪ್‌ವಾಚ್ ಒತ್ತಿ. ಚೆನ್ನಾಗಿರುವ ಮೆದುಳಿನ ರಕ್ತನಾಳ ಗ್ಯಾಡೋಲಿನಿಯಂ ಅನ್ನು ಹೊರಗೆ ಬಿಡುವುದಿಲ್ಲ. ಗಡ್ಡೆಯ ರಕ್ತನಾಳ ಸೋರುತ್ತದೆ, ಅದೂ ನಿಧಾನವಾಗಿ, ಹಳೇ ನಲ್ಲಿ ತೊಟ್ಟಿಕ್ಕಿದ ಹಾಗೆ. ಮೊದಲ ನಿಮಿಷ ರಕ್ತನಾಳಗಳೇ ಹೊಳೆಯುತ್ತವೆ, ಗಡ್ಡೆ ಇನ್ನೂ ಮಂಕು. ಗ್ಲಿಯೋಮಾಗೆ (ಮೆದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) 4ರಿಂದ 8 ನಿಮಿಷ ಬಿಡಿ. ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್ ಹುಡುಕುವಾಗ ನಾನು 10 ನಿಮಿಷಕ್ಕೆ ಮುಂಚೆ ಮುಟ್ಟುವುದೇ ಇಲ್ಲ, ಸಾಸಿವೆ ಕಾಳಿನಷ್ಟು ಚುಕ್ಕೆ ಅವಸರದಲ್ಲಿ ತಪ್ಪಿಹೋಗುತ್ತದೆ. ಅಷ್ಟು ಹೊತ್ತು ಸುಮ್ನೆ ಕೂರಬೇಕಾ? ಬೇಡ, ಟಿ2 (ನೀರಿನಂಶ ಬೆಳ್ಳಗೆ ಕಾಣುವ ಚಿತ್ರ) ತೆಗೆಯಿರಿ, ಕಾಂಟ್ರಾಸ್ಟ್ ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಪರ್ಫ್ಯೂಷನ್ (ಗಡ್ಡೆಯಲ್ಲಿ ರಕ್ತದ ಹರಿವು ತೋರಿಸುವ ಸ್ಕ್ಯಾನ್) ಬೇಕಿದ್ದರೆ ಲೆಕ್ಕ ಉಲ್ಟಾ. ಅಲ್ಲಿ ಮೊದಲು ಸ್ಕ್ಯಾನ್ ಓಡಬೇಕು, 30 ಸೆಕೆಂಡಾದರೂ ಕಳೆದ ಮೇಲೆ ಇಂಜೆಕ್ಟರ್‌ನಿಂದ ಸೆಕೆಂಡಿಗೆ 3ರಿಂದ 5 ಎಂಎಲ್. ಸಣ್ಣ ಕ್ಯಾನುಲಾ ಈ ರಭಸ ತಾಳುವುದಿಲ್ಲ, ದಪ್ಪನೆಯ 20 ಅಥವಾ 18 ಗೇಜ್ ಹಾಕಿ.

ಕೊನೆಗೆ, ಎಷ್ಟು ನಿಮಿಷ ಬಿಟ್ಟಿರಿ ಅಂತ ಶೀಟಿನಲ್ಲಿ ಬರೆಯಿರಿ. ಒಂದು ಕಡೆ ಹೋದ ಸಲ 3 ನಿಮಿಷ, ಈ ಸಲ 12 ನಿಮಿಷ ಬಿಟ್ಟು ತೆಗೆದಿದ್ದರು. ಗಡ್ಡೆ ಬೆಳೆದ ಹಾಗೆ ಕಂಡಿತು. ಗಡ್ಡೆಗೆ ಕೊಡುತ್ತಿದ್ದ ಔಷಧಿ ಬದಲಿಸುವ ಮಾತೂ ಶುರುವಾಗಿತ್ತು, ಯಾರೋ ಸ್ಕ್ಯಾನಿನ ಟೈಮ್ ನೋಡುವವರೆಗೆ.