ಸೊಪ್ಪಿನ ಬೆಟ್ಟದ ಮಣ್ಣಿಗೆ ದಿನಕ್ಕೆ 5 ಮಿ.ಲೀ. ಗ್ಲೂಕೋಸ್: ನನ್ನ ಅನುಭವ

"ಸಕ್ಕರೆ ನೀರು ಹಾಕಿ ಇಂಗಾಲದ ಡೈಆಕ್ಸೈಡ್ ಪ್ರಯೋಗ ಅಂತೀರಲ್ಲ" ಎಂದು ನಕ್ಕವರೇ ಈಗ ಕೊಳವೆಯ ಅಳತೆ ಕೇಳುತ್ತಿದ್ದಾರೆ. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಕಾಡಿನ ಮಣ್ಣಿನಲ್ಲಿ ಸಾರಜನಕ ಸಾಲದಾಗುತ್ತದೆಯೇ ಎಂಬುದೇ ನನ್ನ ಪ್ರಶ್ನೆ. ಬರೆದಿಡುತ್ತೇನೆ.

ಮೊದಲು ಓಪನ್ ಟಾಪ್ ಚೇಂಬರಿನ, ಅಂದರೆ ಗಿಡದ ಸುತ್ತ ಮೇಲೆ ತೆರೆದ ಗೂಡು ಕಟ್ಟಿ ಒಳಗೆ ಅನಿಲ ಬಿಡುವ ವಿಧಾನದ, ಲೆಕ್ಕ ಹಾಕಿದ್ದೆ. ಸಿಲಿಂಡರ್, ಅನಿಲ, ಹೊರುವ ಕೂಲಿ ಸೇರಿ ಒಂದು ಹಂಗಾಮಿಗೇ ಲಕ್ಷ ದಾಟಿತು, ಅದೂ ಸಸಿಗಳಿಗೆ ಮಾತ್ರ. ಅನಿಲ ಹೆಚ್ಚಾದಾಗ ಬೇರಿನಿಂದ ಒಸರುವ ಸಕ್ಕರೆಯೂ ಹೆಚ್ಚುತ್ತದೆ ತಾನೇ? ಆ ಒಸರನ್ನಷ್ಟೇ ನಕಲು ಮಾಡಿದೆ. ಎಲೆಯಲ್ಲಿ ಸಾರಜನಕ ತೆಳುವಾಗುವುದು ಇದರಲ್ಲಿ ಸಿಗದು, ಒಪ್ಪುತ್ತೇನೆ.

ಜಾಗ ಶಿರಸಿ ಕಡೆಯ ಒಂದು ಸೊಪ್ಪಿನ ಬೆಟ್ಟ (ಅಡಿಕೆ ತೋಟದವರು ಸೊಪ್ಪು ತರುವ ಕಾಡು), ಮತ್ತಿ ಮರಗಳ ನಡುವೆ. 10 ಸೆಂ.ಮೀ. ವ್ಯಾಸದ ಪಿವಿಸಿ ಪೈಪನ್ನು 20 ಸೆಂ.ಮೀ. ಆಳಕ್ಕೆ ಬಡಿದು ಬೇರು ಕತ್ತರಿಸಿ, ತಿಂಗಳು ಸುಮ್ಮನೆ ಬಿಡಬೇಕು. ಸತ್ತ ಬೇರಿನ ಇಂಗಾಲ ಅಷ್ಟರಲ್ಲಿ ತಕ್ಕಮಟ್ಟಿಗೆ ಕರಗುತ್ತದೆ. ಮೊದಲ ಸಲ ಕಾಯದೆ 16 ಪೈಪಿನ ಫಲಿತಾಂಶ ಕಸಕ್ಕೆ ಹೋಯಿತು.

ಆಮೇಲೆ ಪೈಪಿನೊಳಗಿನ ಮಣ್ಣಿಗೆ ಇಳಿಸುವ ಕೃತಕ ಬೇರು ಎಂದರೆ ಮೆಡಿಕಲ್ ಶಾಪಿನ ಡ್ರಿಪ್ ಸೆಟ್ಟಿನ ಕೊಳವೆ. ತುದಿಯ 10 ಸೆಂ.ಮೀ.ಗೆ ಸೂಜಿಯಿಂದ ಸೆಂಟಿಮೀಟರಿಗೊಂದು ತೂತು, ಕೊನೆಯನ್ನು ಮೇಣದಬತ್ತಿಗೆ ಹಿಡಿದು ಒತ್ತಿ ಮುಚ್ಚಿದೆ. ಹನಿ ಹನಿಯಾಗಿ ತಾನೇ ಇಳಿಯಲಿ ಎಂದು ಬಾಟಲಿ ತೂಗುಹಾಕಿದ್ದು ದಂಡ: ನಾಲ್ಕೇ ದಿನಕ್ಕೆ ಒಳಗೆ ಲೋಳೆ ಕಟ್ಟಿತು. ಕೊನೆಗೆ ಸಿರಿಂಜೇ ಗತಿ. ಲೀಟರಿಗೆ 2.5 ಗ್ರಾಂ ಗ್ಲೂಕೋಸ್, ದಿನಕ್ಕೆ 5 ಮಿ.ಲೀ., ಹಿಂದೆಯೇ 1 ಮಿ.ಲೀ. ಬರಿನೀರು. ಅಂದರೆ 5 ಮಿ.ಗ್ರಾಂ ಇಂಗಾಲ, ಕೊಳವೆ ಸುತ್ತಲಿನ ಸುಮಾರು 100 ಗ್ರಾಂ ಮಣ್ಣಿಗೆ. ಹೋಲಿಕೆಗೆಂದು ಸಕ್ಕರೆ ಕೊಡದೆ ಇಟ್ಟ ಕಂಟ್ರೋಲಿಗೆ 6 ಮಿ.ಲೀ. ನೀರು.

ಹಿಂದಿನ ವರ್ಷ ಕೆಟ್ಟಿದ್ದು ಇಲ್ಲೇ. ತಿಂಗಳ ಸಕ್ಕರೆ, ಸುಮಾರು 375 ಮಿ.ಗ್ರಾಂ, ಒಮ್ಮೆಗೇ ಸುರಿದಿದ್ದೆ. ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ತಮ್ಮ ಮೈಗೆ ಎಳೆದುಕೊಂಡವು, ವಾರದಲ್ಲಿ ನೈಟ್ರೇಟ್ (ಬೇರು ಹೀರುವ ರೂಪದ ಸಾರಜನಕ) ಸಿಗದಂತಾಯಿತು. "ನೋಡಿದಿರಾ, ಸಾರಜನಕದ ಕೊರತೆ" ಎಂದರು ಎಲ್ಲ. ದಿನಾ ಚೂರು ಕೊಟ್ಟಾಗಲೂ ಮೂರು ವಾರ ಹಾಗೇ ಇಳಿಯಿತು. ಆಮೇಲೆ ತಿರುಗಿ, 50ನೇ ದಿನಕ್ಕೆ ಅಂಥದೇ ಇನ್ನೊಂದು ರೂಪವಾದ ಅಮೋನಿಯಂ ಕಂಟ್ರೋಲಿಗಿಂತ ಕಾಲು ಭಾಗದಷ್ಟು ಮೇಲಿತ್ತು. ಸಾರಜನಕಕ್ಕೆ ಹಸಿದ ಜೀವಿಗಳು ಮಣ್ಣಿನ ಹಳೆಯ ಸಾವಯವ ಪದಾರ್ಥ ಒಡೆಯತೊಡಗಿದ್ದಿರಬೇಕು. 30 ದಿನಕ್ಕೇ ನಿಲ್ಲಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ವರ್ಷಗಟ್ಟಲೆ ಇಂಗಾಲದ ಡೈಆಕ್ಸೈಡ್ ಹಾಯಿಸಿದ ಅಮೆರಿಕದ ಎರಡು ಕಾಡುಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದನ್ನು ಇಲ್ಲಿ ನೆನೆಯಬೇಕು. ಓಕ್ ರಿಡ್ಜ್‌ನ ಸ್ವೀಟ್‌ಗಮ್ ತೋಪಿನಲ್ಲಿ ಹೆಚ್ಚುವರಿ ಬೆಳವಣಿಗೆ 24 ಶೇಕಡಾದಿಂದ 2008ಕ್ಕೆ 9ಕ್ಕೆ ಕುಸಿಯಿತು, ಸಾರಜನಕ ಸಾಲದೆ. ಡ್ಯೂಕ್‌ನ ಪೈನ್ ಮರಗಳು ಮಣ್ಣಿನಿಂದ ಹೆಚ್ಚು ಹೀರಿಕೊಂಡು ತಾಳಿದವು.

ಸಾರಜನಕದ ಅಳತೆಯಲ್ಲಿ ಎಡವುವ ಜಾಗ: ಮಣ್ಣು ಒಣಗಿಸಬೇಡಿ, ಸತ್ತ ಜೀವಿಗಳ ಸಾರಜನಕ ಸೇರಿಕೊಳ್ಳುತ್ತದೆ. 2 ಮಿ.ಮೀ. ಜರಡಿ ಹಿಡಿದ ಹಸಿಮಣ್ಣು 10 ಗ್ರಾಂ, 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 50 ಮಿ.ಲೀ., ಅಂದೇ ಒಂದು ಗಂಟೆ ಅಲುಗಾಡಿಸಿ. ಫಿಲ್ಟರ್ ಪೇಪರಿನಲ್ಲೇ ಅಮೋನಿಯಂ ಇರುತ್ತದೆ, ಅದೇ ದ್ರಾವಣದಲ್ಲಿ ಮೊದಲು ತೊಳೆಯಿರಿ, ಮಣ್ಣು ಹಾಕದ ಬ್ಲ್ಯಾಂಕ್ ಒಂದನ್ನೂ ಹೋಲಿಕೆಗೆ ಇಡಿ.

ಕಾರ್ತಿಕದ ಅಕಾಲ ಮಳೆಗೆ ಅಡಿಕೆ ಹಾಳೆಯ ಟೋಪಿ ಸಾಕು. ಇರುವೆ ಮಾತ್ರ ದೊಡ್ಡ ಕಾಟ. ಪೈಪಿನ ಅಂಚಿಗೆ ಏನು ಸವರಿದೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಬೆಟ್ಟದ ಹಕ್ಕುದಾರರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ದರಕಿನ (ಉದುರಿದ ಒಣ ಎಲೆ) ಜತೆ ಕೊಳವೆಯೂ ಕೊಟ್ಟಿಗೆ ಸೇರುತ್ತದೆ. 40 ಪೈಪಿಗೆ ನನಗೆ ಬಿದ್ದದ್ದು ಹದಿನಾಲ್ಕು ಸಾವಿರದ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಸಾರಜನಕ ಅಳೆಯುವ ಜೆಲ್ಡಾಲ್ ಪರೀಕ್ಷೆಗೆ.

ಒಂದು ಪಕ್ಕದ ಆಟ: 6 ಕೊಳವೆಗೆ ಗ್ಲೂಕೋಸ್ ಜತೆ ಚೂರು ಆಕ್ಸಾಲಿಕ್ ಆಮ್ಲ ಬೆರೆಸಿದೆ. ತೆಗೆದ ಸಾರ ಕಷಾಯದ ಬಣ್ಣಕ್ಕೆ ತಿರುಗಿತ್ತು, ನಮ್ಮ ಕೆಂಪುಮಣ್ಣಿನ ಕಬ್ಬಿಣಕ್ಕೆ ಅಂಟಿದ್ದ ಸಾವಯವ ಪದಾರ್ಥವನ್ನು ಆಮ್ಲ ಬಿಡಿಸಿರಬೇಕು. 6ರ ಅಂಕಿಗೆ ಮರ್ಯಾದೆ ಇಲ್ಲ. ಈ ಅಕ್ಟೋಬರಿಗೆ 20 ಹೂಳುತ್ತೇನೆ, ಅರ್ಧ ಸಾಲುಧೂಪದ ಬುಡದಲ್ಲಿ.