ಕಾಲೇಜ್ ನೆಟ್‌ವರ್ಕ್‌ಗೆ ಐಪಿವಿ6 ಹಾಕಿದ ನನ್ನ ಅನುಭವ

ಮಂಡ್ಯದಲ್ಲಿ ಒಂದು ಕಾಲೇಜಿನ ನೆಟ್‌ವರ್ಕ್ ನೋಡ್ಕೊಳ್ತೀನಿ, ಲ್ಯಾಬು, ಆಫೀಸು, ಹಾಸ್ಟೆಲ್ಲು ಎಲ್ಲಾ ಸೇರಿ. ಸ್ಕಾಲರ್‌ಶಿಪ್ ಅರ್ಜಿ ಹಾಕೋ ಟೈಮ್ ಬಂತು ಅಂದ್ರೆ ಲ್ಯಾಬಲ್ಲಿ ಗೋಳು ಶುರು, ಎಲ್ಲಿ ಹೋದ್ರೂ ಕ್ಯಾಪ್ಚಾ, ಕೆಲವು ಸೈಟಂತೂ ಒಳಗೇ ಬಿಡ್ತಿರ್ಲಿಲ್ಲ. ರೂಟರ್ ನೋಡಿದ್ರೆ ಹೊರಗಿನ ಕಡೆ 100.64ರಿಂದ ಶುರುವಾಗೋ ಅಡ್ರೆಸ್ಸು, ಅಂದ್ರೆ ಸಿಜಿನ್ಯಾಟ್, ನಮ್ ಹುಡುಗ್ರೂ ಊರಿನ ಇನ್ನೆಷ್ಟೋ ಮನೆಯೋರೂ ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಹೋಗ್ತಿದ್ರು, ಅದಕ್ಕೇ ಸೈಟುಗಳಿಗೆ ಅನುಮಾನ. ಇಂಟರ್ನೆಟ್ ಕೊಡೋರನ್ನ ಬೈದ್ರೆ ಏನ್ ಬಂತು, ಹಳೇ ಐಪಿವಿ4 ಅಡ್ರೆಸ್ಸು 32 ಬಿಟ್, ಅದ್ರಲ್ಲಿ ಬರೋದೇ ಸುಮಾರು 430 ಕೋಟಿ ಅಡ್ರೆಸ್ಸು, ಪ್ರಪಂಚಕ್ಕೆಲ್ಲಾ ಹಂಚೋ ಐಯಾನಾ ಹತ್ರ ಇದ್ದದ್ದು 2011ರ ಫೆಬ್ರವರಿಯಲ್ಲೇ ಖಾಲಿ ಆಯ್ತು.

ಐಪಿವಿ6, ಅಂದ್ರೆ ಅಡ್ರೆಸ್ಸಿಗೆ ಕೊರತೆ ಇಲ್ಲದ ಹೊಸ ಪದ್ಧತಿ, ಕೊಡಿ ಅಂತ ಕೇಳ್ದೆ, ಸ್ಲ್ಯಾಶ್ 56 ಅನ್ನೋ ಅಡ್ರೆಸ್ ಬ್ಲಾಕ್ ಕೊಟ್ರು. ಅದ್ರಲ್ಲಿ 256 ಸಬ್‌ನೆಟ್, ಅಂದ್ರೆ ಚಿಕ್ಕ ಭಾಗ, ಮಾಡ್ಬೋದು, ನಮಗೆ ಬೇಕಿದ್ದು ನಾಲ್ಕೇ, ಒಂದೊಂದು ವಿಲ್ಯಾನ್‌ಗೆ (ಒಳಗೆ ಬೇರೆ ಬೇರೆ ಮಾಡಿರೋ ನೆಟ್‌ವರ್ಕ್) ಒಂದೊಂದು ಸ್ಲ್ಯಾಶ್ 64. ವಿ4 ತೆಗೀಲಿಲ್ಲ, ಎರಡೂ ಜೊತೇಲಿ ಓಡ್ಲಿ ಅಂತ ಬಿಟ್ಟೆ, ಯಾಕಂದ್ರೆ ಹಳೇ ಪ್ರಿಂಟರ್‌ಗೂ ಬಯೋಮೆಟ್ರಿಕ್ ಮಿಷನ್‌ಗೂ ವಿ6 ಬರಲ್ಲ. ಮೊದ್ಲು ಡಿಎಚ್‌ಸಿಪಿವಿ6 (ಸರ್ವರೇ ಅಡ್ರೆಸ್ ಹಂಚೋ ವಿಧಾನ) ಹಾಕ್ದೆ, ಲ್ಯಾಪ್‌ಟಾಪ್‌ಗೆಲ್ಲಾ ಅಡ್ರೆಸ್ ಬಂತು ಫೋನ್‌ಗೆ ಬರ್ಲಿಲ್ಲ, ಆಂಡ್ರಾಯ್ಡ್ ಆ ದಾರೀಲಿ ಅಡ್ರೆಸ್ ತಗೊಳೋದೇ ಇಲ್ಲ, ಮಿಷನ್ನೇ ತನ್ನ ಅಡ್ರೆಸ್ ಮಾಡ್ಕೊಳೋ ಸ್ಲಾಕ್‌ಗೆ ಬದಲಾಯಿಸಿದ್ಮೇಲೆ ಸರಿಹೋಯ್ತು.

ನಿಜವಾದ ಕಷ್ಟ ಬಂದಿದ್ದು ಫೈರ್‌ವಾಲ್‌ನಲ್ಲಿ. ವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ (ಹಲವು ಮಿಷನ್‌ನ ಒಂದೇ ಅಡ್ರೆಸ್ ಹಿಂದೆ ಕೂರಿಸೋದು) ಹಾಕಲ್ಲ, ಪ್ರತಿ ಮಿಷನ್‌ಗೂ ಪಬ್ಲಿಕ್ ಅಡ್ರೆಸ್ಸು, ಅದಕ್ಕೇ ಹೊರಗಿಂದ ತಾನಾಗೇ ಬರೋ ಕನೆಕ್ಷನ್ ಎಲ್ಲಾ ಡ್ರಾಪ್ ಮಾಡ್ದೆ, ಅದು ಸರೀನೇ. ಆದ್ರೆ ವಿ4 ಕಾಲದ ಅಭ್ಯಾಸ, ಐಸಿಎಂಪಿನೂ (ನೆಟ್‌ವರ್ಕ್ ತನ್ನ ತೊಂದ್ರೆ ಹೇಳೋ ಸಂದೇಶ) ಮುಚ್ಚಿದ್ದೆ, ಪಿಂಗ್‌ಗೆ (ಆ ಕಡೆ ಮಿಷನ್ ಉತ್ರ ಕೊಡುತ್ತಾ ಅಂತ ನೋಡೋ ಪರೀಕ್ಷೆ) ಮತ್ತೆ ಅಡ್ರೆಸ್ ಸಿಗೋಕೆ ಬೇಕಾದಷ್ಟು ಮಾತ್ರ ಬಿಟ್ಟು. ಮಾರನೇ ದಿನ ಒಬ್ಳು ಹುಡುಗಿ ಬಂದು "ಸಾರ್, ಪೇಜೆಲ್ಲಾ ಓಪನ್ ಆಗುತ್ತೆ, ಫೋಟೋ ಅಪ್‌ಲೋಡ್ ಕೊಟ್ರೆ ಹಂಗೇ ಸುತ್ತುತ್ತೆ" ಅಂದ್ಲು. ಹೋಗಿ ನೋಡ್ದೆ, ಮೇಲ್ ಓದ್ಬೋದು, ಅಟ್ಯಾಚ್‌ಮೆಂಟ್ ಮಾತ್ರ ಹೋಗಲ್ಲ, ಪಿಂಗ್ ಚೆನ್ನಾಗಿದೆ. ನಾಲ್ಕು ದಿನ ಕೇಬಲ್ಲು ಸ್ವಿಚ್ಚು ಅಂತ ಹುಡುಕ್ದೆ. ಕೊನೆಗೆ ಪಿಂಗ್ ಸೈಜ್ ಏರಿಸ್ತಾ ಹೋದೆ, 1444 ಬೈಟ್ ಹೋಗುತ್ತೆ, 1445 ಹಾಕಿದ್ರೆ ಉತ್ರಾನೇ ಇಲ್ಲ. ಅದಕ್ಕೆ ಹೆಡರ್ 48 ಸೇರಿಸಿದ್ರೆ 1492, ನಮ್ಮ ಪಿಪಿಪಿಒಇ (ಲಾಗಿನ್ ಹಾಕಿ ಕನೆಕ್ಟ್ ಆಗೋ) ಲೈನಿನ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಇರ್ಬೋದಾದ ಗರಿಷ್ಠ ಸೈಜು! ವಿ6ನಲ್ಲಿ ಮಧ್ಯದ ರೂಟರ್ ಪ್ಯಾಕೆಟ್ ಒಡೆಯಲ್ಲ, "ದೊಡ್ದಾಯ್ತು, ಚಿಕ್ಕದು ಮಾಡು" ಅಂತ ಕಳಿಸಿದ ಮಿಷನ್‌ಗೇ ಐಸಿಎಂಪಿನಲ್ಲಿ ವಾಪಸ್ ಹೇಳುತ್ತೆ. ಆ ಮಾತು ಲ್ಯಾಬಿಗೆ ತಲುಪದ ಹಾಗೆ ನಾನೇ ತಡೆದಿದ್ದೆ. ಪ್ಯಾಕೆಟ್ ಟೂ ಬಿಗ್, ಅಂದ್ರೆ ಟೈಪ್ 2, ಬಿಟ್ಟೆ, ಆ ಹುಡುಗಿನೇ ಕರೆದು ಕೂರಿಸ್ದೆ, ಎರಡು ಸೆಕೆಂಡಲ್ಲಿ ಫೋಟೋ ಹೋಯ್ತು. ನೀವು ಮಾಡೋರಿದ್ರೆ ದಯವಿಟ್ಟು ಇದನ್ನ ಮೊದ್ಲೇ ಬಿಡಿ.

ಇನ್ನೊಂದು, ಕರೆಂಟ್ ಹೋಗಿ ರೂಟರ್ ಎದ್ದಾಗೆಲ್ಲಾ ಪ್ರಿಫಿಕ್ಸ್ (ಅಡ್ರೆಸ್ಸಿನ ಮುಂದಿನ ಭಾಗ) ಬದಲಾಗಿ ಸರ್ವರ್ ಅಡ್ರೆಸ್ ತಪ್ಪೋದು, ಸ್ಟ್ಯಾಟಿಕ್ ಪ್ರಿಫಿಕ್ಸ್ ಕೇಳಿ ಹಾಕಿಸ್ಕೊಂಡೆ. ವಿ6 ಇರೋ ಸೈಟಲ್ಲಿ ಈಗ ಕ್ಯಾಪ್ಚಾ ಕಾಟ ಇಲ್ಲ. ಹಾಸ್ಟೆಲ್ ವಿಲ್ಯಾನ್ ಇನ್ನೂ ಬಾಕಿ ಇದೆ, ದಸರಾ ರಜೆಯಲ್ಲಿ ಹುಡುಗ್ರು ಊರಿಗೆ ಹೋದಾಗ ಮಾಡ್ತೀನಿ.